ಗರ್ಭಕಂಠದ ಜಠರ ಮಾದರಿಯ ಕ್ಯಾನ್ಸರ್ ಮತ್ತು ಅದರ ಸಂಭಾವ್ಯ ಪೂರ್ವಸ್ಥಿತಿಗಳು

ಜಠರ ಮಾದರಿಯ ಅಡಿನೋಕಾರ್ಸಿನೋಮ ಗರ್ಭಕಂಠದ ಒಳನಾಳದ ಲೋಳೆಗ್ರಂಥಿಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. ಹ್ಯೂಮನ್ ಪ್ಯಾಪಿಲೋಮ ವೈರಸ್, ಅಂದರೆ ಎಚ್‌ಪಿವಿ ಸೋಂಕಿನ ಹಂಗಿಲ್ಲದೆ ಇದು ಬೆಳೆಯುತ್ತದೆ. ಇದರ ಜೀವಕೋಶಗಳು ಗರ್ಭಕಂಠದ ಸಹಜ ಲೋಳೆಯನ್ನು ಬಿಟ್ಟು ಜಠರದ ಕೆಳತುದಿಯ ಗ್ರಂಥಿಗಳು ಸ್ರವಿಸುವಂಥ ಲೋಳೆಯನ್ನು ಸ್ರವಿಸುತ್ತವೆ. ಈ ಕ್ಯಾನ್ಸರಿಗೆ ಮುನ್ನ ಅದೇ ಜಾಗದಲ್ಲಿ ಕಾಣಿಸಿಕೊಳ್ಳುವ ಕೆಲವು ಗ್ರಂಥಿವಿಕೃತಿಗಳನ್ನು ಅದರ ಪೂರ್ವಸ್ಥಿತಿಗಳೆಂದು ಶಂಕಿಸಲಾಗಿದೆ. ಲಾಬ್ಯುಲರ್ ಎಂಡೋಸರ್ವೈಕಲ್ ಗ್ರಂಥಿಗಳ ಹೈಪರ್‌ಪ್ಲೇಸಿಯ (ಒಳನಾಳದ ಗ್ರಂಥಿಗಳು ಗೊಂಚಲಾಗಿ ಅತಿಯಾಗಿ ಬೆಳೆಯುವುದು), ಅದರ ಅಸಹಜ ರೂಪ ಮತ್ತು ಜಠರ ಮಾದರಿಯ ಸ್ವಸ್ಥಾನ ಅಡಿನೋಕಾರ್ಸಿನೋಮ ಇವುಗಳಲ್ಲಿ ಮುಖ್ಯವಾದವು. ಕೊನೆಯದರ ವಿಷಯದಲ್ಲಿ ಈಗ ಹೆಚ್ಚು ತಕರಾರಿಲ್ಲ. ಮೊದಲಿನದರ ವಿಷಯದಲ್ಲಿ ಮಾತ್ರ ‘ಸಂಭಾವ್ಯ’ ಎಂಬ ವಿಶೇಷಣ ಇನ್ನೂ ಉಳಿದಿದೆ.

ಗರ್ಭಕೋಶದ ಕೆಳಭಾಗ ಕಿರಿದಾಗಿ ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗವೇ ಗರ್ಭಕಂಠ. ಅದರ ಹೊರಮೈಯನ್ನು ಚಪ್ಪಟೆ ಕೋಶಗಳ ಪದರ ಹೊದ್ದಿರುತ್ತದೆ. ಒಳನಾಳದಲ್ಲಿ ಲೋಳೆ ಸ್ರವಿಸುವ ಎತ್ತರದ ಕೋಶಗಳಿದ್ದು, ಅವು ಗೋಡೆಯೊಳಕ್ಕೆ ಮಡಿಕೆ ಮಡಿಕೆಯಾಗಿ ಇಳಿದು ಗ್ರಂಥಿಗಳಾಗುತ್ತವೆ. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಹೆಚ್ಚಿನ ಪಾಲು, ಹತ್ತರಲ್ಲಿ ಸುಮಾರು ಎಂಟು, ಈ ಎರಡು ಪದರಗಳು ಕೂಡುವ ವಲಯದಲ್ಲಿ ಎಚ್‌ಪಿವಿ ಸೋಂಕಿನಿಂದ ಹುಟ್ಟುವ ಚಪ್ಪಟೆಕೋಶದ ಕ್ಯಾನ್ಸರುಗಳು. ಅವುಗಳ ಕಾರಣವನ್ನೂ ಪೂರ್ವಸ್ಥಿತಿಗಳನ್ನೂ ದಶಕಗಳಿಂದ ಅರಿತಿರುವುದರಿಂದಲೇ ಪ್ಯಾಪ್ ಪರೀಕ್ಷೆ, ಎಚ್‌ಪಿವಿ ಪರೀಕ್ಷೆ ಮತ್ತು ಲಸಿಕೆ ಸಾಧ್ಯವಾದವು. ಉಳಿದ ಪಾಲಿನ ಬಹುಭಾಗ ಗ್ರಂಥಿಮೂಲದ ಅಡಿನೋಕಾರ್ಸಿನೋಮಗಳು. ಅವುಗಳಲ್ಲೂ ಹೆಚ್ಚಿನವಕ್ಕೆ ಎಚ್‌ಪಿವಿಯೇ ಕಾರಣ. ವೈರಸ್ಸಿಗೆ ಸಂಬಂಧಪಡದೆ ಉಳಿಯುವ ಚಿಕ್ಕ ಗುಂಪಿನಲ್ಲಿ ದೊಡ್ಡದು ಜಠರ ಮಾದರಿ. ಜಗತ್ತಿನ ಲೆಕ್ಕದಲ್ಲಿ ಇದು ಗರ್ಭಕಂಠದ ಅಡಿನೋಕಾರ್ಸಿನೋಮಗಳ ಶೇ 10ರಿಂದ 15ರಷ್ಟಿದ್ದು, ಜಪಾನಿನಲ್ಲಿ ಶೇ 20ನ್ನೂ ಮೀರುತ್ತದೆ. ರೋಗದ ಬಗೆಗಿನ ಹೆಚ್ಚಿನ ತಿಳಿವಳಿಕೆ ಆ ದೇಶದಿಂದಲೇ ಬಂದಿದೆ.

ರೋಗದ ಚರಿತ್ರೆ ಹಳೆಯದು. ನೋಡಲು ನಿರಪಾಯಕಾರಿ ಗೆಡ್ಡೆಯಂತಿದ್ದರೂ ಕ್ಯಾನ್ಸರಿನಂತೆ ಕೊಲ್ಲುವ ಗರ್ಭಕಂಠದ ಗೆಡ್ಡೆಯನ್ನು ಜರ್ಮನ್ ವೈದ್ಯ ಗುಸ್ಸೆರೋ 1870ರಲ್ಲಿ ವರ್ಣಿಸಿದ. ಅದಕ್ಕೆ ‘ಅಡಿನೋಮ ಮಲಿಗ್ನಮ್’ ಎಂಬ ಹೆಸರು ನಿಂತಿತು. 1975ರಲ್ಲಿ ಅಮೆರಿಕದ ಸಿಲ್ವರ್‌ಬರ್ಗ್ ಮತ್ತು ಹರ್ಟ್ ಇದನ್ನು ಸಹಜ ಸ್ವರೂಪದಿಂದ ಅತ್ಯಲ್ಪವಾಗಿ ಸರಿದ ಅಡಿನೋಕಾರ್ಸಿನೋಮ ಎಂದು ಕರೆದರು. ಸೂಕ್ಷ್ಮದರ್ಶಕದ ಕೆಳಗೆ ಅದರ ಗ್ರಂಥಿಗಳು ಸಹಜ ಗ್ರಂಥಿಗಳಷ್ಟೇ ಸೌಮ್ಯವಾಗಿ ಕಾಣುತ್ತವೆ. ಅವು ಇರಬಾರದ ಆಳಕ್ಕೆ ಇಳಿದಿರುವುದು, ರಕ್ತನಾಳ ಮತ್ತು ನರಗಳ ಪಕ್ಕ ಕಾಣಿಸಿಕೊಳ್ಳುವುದು, ಅಲ್ಲಲ್ಲಿ ಸುತ್ತಲ ಅಂಗಾಂಶ ಪ್ರತಿಕ್ರಿಯಿಸಿರುವುದು ಇವಷ್ಟೇ ಸುಳಿವು. 2007ರಲ್ಲಿ ಕೊಜಿಮ ಮತ್ತು ಸಂಗಡಿಗರು ಜಪಾನಿನಲ್ಲಿ ನಡೆಸಿದ ಅಧ್ಯಯನ, ಜಠರದ ಲಕ್ಷಣ ತೋರುವ ಗರ್ಭಕಂಠದ ಕ್ಯಾನ್ಸರುಗಳೆಲ್ಲ ಒಂದೇ ಕುಟುಂಬವೆಂದೂ ಅಡಿನೋಮ ಮಲಿಗ್ನಮ್ ಅದರ ಸೌಮ್ಯರೂಪಿ ಸದಸ್ಯವೆಂದೂ ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ 2014ರಲ್ಲಿ ಜಠರ ಮಾದರಿಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. 2020ರ ಆವೃತ್ತಿ ಗರ್ಭಕಂಠದ ಅಡಿನೋಕಾರ್ಸಿನೋಮಗಳನ್ನು ಎಚ್‌ಪಿವಿ ಸಂಬಂಧಿ ಮತ್ತು ಎಚ್‌ಪಿವಿ ಸಂಬಂಧವಿಲ್ಲದವು ಎಂದು ಬುಡದಲ್ಲೇ ಎರಡಾಗಿ ಸೀಳಿತು. ಚಿಕಿತ್ಸೆಯ ದೃಷ್ಟಿಯಿಂದ ಈ ವಿಭಜನೆ ಬಹಳ ಅಗತ್ಯವಾಗಿತ್ತು. ನ್ಯೂಯಾರ್ಕಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಮಾನ್ಯ ಅಡಿನೋಕಾರ್ಸಿನೋಮದವರ ಐದು ವರ್ಷಗಳ ಬದುಕುಳಿವು ಶೇ 91ರಷ್ಟಿದ್ದರೆ ಜಠರ ಮಾದರಿಯವರದು ಶೇ 42 ಮಾತ್ರ. ಈ ರೋಗ ಅಂಡಾಶಯಕ್ಕೆ, ಹೊಟ್ಟೆಯ ಒಳಪೊರೆಗೆ ಬೇಗ ಹರಡುತ್ತದೆ. ಕಿಮೊಥೆರಪಿ, ವಿಕಿರಣಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ಕ್ಯಾನ್ಸರ್ ಆಗುವ ಮೊದಲಿನ ಹಂತವನ್ನು ಗುರುತಿಸುವುದಕ್ಕೆ ಇಲ್ಲಿ ಉಳಿದೆಡೆಗಿಂತ ಹೆಚ್ಚು ಬೆಲೆಯಿದೆ.

ಪೂರ್ವಸ್ಥಿತಿಯ ಶಂಕೆಗೆ ಮೊದಲು ಗುರಿಯಾದ ಲಾಬ್ಯುಲರ್ ಹೈಪರ್‌ಪ್ಲೇಸಿಯವನ್ನು 1999ರಲ್ಲಿ ನುಚ್ಚಿ, ಕ್ಲೆಮೆಂಟ್ ಮತ್ತು ಯಂಗ್ ಎಂಬ ರೋಗಶಾಸ್ತ್ರಜ್ಞರು ಹದಿಮೂರು ಪ್ರಕರಣಗಳ ಆಧಾರದಲ್ಲಿ ವರ್ಣಿಸಿದರು. ಅವರ ಉದ್ದೇಶ ಹೆದರಿಸುವುದಾಗಿರಲಿಲ್ಲ. ಅಡಿನೋಮ ಮಲಿಗ್ನಮ್ ಎಂದು ತಪ್ಪಾಗಿ ತಿಳಿಯಬಹುದಾದ ಒಂದು ನಿರಪಾಯಕಾರಿ ಸ್ಥಿತಿಯಿದೆ, ಅದಕ್ಕಾಗಿ ಹೆಂಗಸರಿಗೆ ದೊಡ್ಡ ಶಸ್ತ್ರಕ್ರಿಯೆ ಮಾಡಬಾರದು ಎಂದು ಎಚ್ಚರಿಸುವುದಾಗಿತ್ತು. ಈ ಸ್ಥಿತಿಯಲ್ಲಿ ಒಳನಾಳದ ಮೇಲ್ಭಾಗದಲ್ಲಿ, ಗರ್ಭಕೋಶದ ಕುಹರಕ್ಕೆ ಹತ್ತಿರವಾಗಿ, ಒಂದು ದೊಡ್ಡ ಗ್ರಂಥಿಯ ಸುತ್ತ ಹತ್ತಾರು ಪುಟ್ಟ ಗ್ರಂಥಿಗಳು ಗೊಂಚಲುಗೊಂಚಲಾಗಿ ಬೆಳೆದಿರುತ್ತವೆ. ಗೊಂಚಲಿನ ಅಂಚು ಸ್ಪಷ್ಟ. ಅದು ಸಾಮಾನ್ಯವಾಗಿ ಗೋಡೆಯ ಒಳ ಅರ್ಧವನ್ನು ದಾಟುವುದಿಲ್ಲ. ಕೋಶಬೀಜಗಳು ಸಣ್ಣವು, ಸಾಲಾಗಿ ತಳದಲ್ಲೇ ಕೂತಿರುತ್ತವೆ. ಹೆಚ್ಚಾಗಿ ನಲವತ್ತು–ಐವತ್ತರ ಆಸುಪಾಸಿನ ಹೆಂಗಸರಲ್ಲಿ ಇದು ಕಂಡುಬರುತ್ತದೆ. ಎಷ್ಟೋ ವೇಳೆ ಬೇರೆ ಕಾರಣಕ್ಕೆ ತೆಗೆದ ಗರ್ಭಕೋಶವನ್ನು ಪರೀಕ್ಷಿಸುವಾಗ ಮೊದಲ ಬಾರಿಗೆ ಗೊತ್ತಾಗುತ್ತದೆ.

ಆಮೇಲಿನ ಕೆಲಸ ಜಪಾನಿನಲ್ಲಿ ಮುಂದುವರಿಯಿತು. ಈ ಗೊಂಚಲುಗಳ ಕೋಶಗಳು ಜಠರದ ಕೆಳತುದಿಯ, ಅಂದರೆ ಪೈಲೋರಿಕ್ ಗ್ರಂಥಿಗಳ ಲೋಳೆಯನ್ನೇ ಸ್ರವಿಸುತ್ತವೆ ಎಂದು ಮಿಕಾಮಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಅದೇ ಲೋಳೆ ಅಡಿನೋಮ ಮಲಿಗ್ನಮ್‌ನಲ್ಲೂ ಇತ್ತು. 2004ರ ವೇಳೆಗೆ ಇವೆರಡರ ನಡುವೆ ಕೊಂಡಿ ಇರಬಹುದೆಂಬ ಮಾತನ್ನು ಅದೇ ತಂಡ ಮುಂದಿಟ್ಟಿತು. ಹೀಗೆ, ಕ್ಯಾನ್ಸರನ್ನು ಹೋಲುವ ಸಾಧು ಸ್ಥಿತಿಯೆಂದು ಗುರುತಾದದ್ದು ಐದೇ ವರ್ಷಗಳಲ್ಲಿ ಕ್ಯಾನ್ಸರಿನ ಮೂಲವೇ ಇರಬಹುದೆಂಬ ಶಂಕೆಗೆ ಒಳಗಾಯಿತು.

ಶಂಕೆಯ ಪರವಾಗಿ ಮೂರು ಬಗೆಯ ಸಾಕ್ಷ್ಯಗಳಿವೆ. ಮೊದಲನೆಯದು ನೆರೆಹೊರೆಯದು: ತೆಗೆದ ಗರ್ಭಕಂಠಗಳಲ್ಲಿ ಕ್ಯಾನ್ಸರಿನ ಪಕ್ಕದಲ್ಲೇ ಹೈಪರ್‌ಪ್ಲೇಸಿಯ ಇರುವುದು, ಒಂದು ಇನ್ನೊಂದರೊಳಕ್ಕೆ ಸರಿದಂತೆ ಕಾಣುವುದು ಮತ್ತೆ ಮತ್ತೆ ವರದಿಯಾಗಿದೆ. ಎರಡನೆಯದು ವರ್ಣತಂತುಗಳದು: 2008ರಲ್ಲಿ ಕವಾಉಚಿ ಮತ್ತು ಸಂಗಡಿಗರು, ಕ್ಯಾನ್ಸರಿನಲ್ಲಿ ಕಾಣುವ 3ನೆಯ ವರ್ಣತಂತುವಿನ ಉದ್ದಭುಜದ ಹೆಚ್ಚಳ ಮತ್ತು 1ನೆಯದರ ಕಿರುಭುಜದ ನಷ್ಟ ಕೆಲವು ಹೈಪರ್‌ಪ್ಲೇಸಿಯಗಳಲ್ಲೂ ಇದೆ ಎಂದು ಕಂಡರು. ಮೂರನೆಯದು ಜೀನುಗಳದು. 2014ರಲ್ಲಿ ಮತ್ಸುಬರ ಮತ್ತು ಸಂಗಡಿಗರು ಈ ಗೊಂಚಲುಗಳ ಗಣನೀಯ ಪಾಲಿನಲ್ಲಿ ಜಿಎನ್‌ಎಎಸ್ ಜೀನಿನ ಮಾರ್ಪಾಟನ್ನು ಗುರುತಿಸಿದರು. ಅಂದರೆ ಇದು ಕೇವಲ ಗ್ರಂಥಿಗಳ ವೇಷಾಂತರವಲ್ಲ, ಒಂದು ಕೋಶದಿಂದ ಕವಲೊಡೆದ ನಿಜವಾದ ಬೆಳವಣಿಗೆ. ಆದರೆ ಆ ಮಾರ್ಪಾಟು ಕ್ಯಾನ್ಸರುಗಳಲ್ಲಿ ಬಹಳ ಕಡಿಮೆ. ಎಲ್ಲ ಹೈಪರ್‌ಪ್ಲೇಸಿಯಗಳೂ ಕ್ಯಾನ್ಸರಿನ ದಾರಿಯಲ್ಲೇ ಇದ್ದಿದ್ದರೆ ಹೀಗಾಗಬೇಕಿರಲಿಲ್ಲ. ವರ್ಷಗಟ್ಟಲೆ ಬೆನ್ನುಹತ್ತಿ ನೋಡಿದ ಹೆಂಗಸರಲ್ಲಿ ಬಹುಪಾಲು ಮಂದಿಗೆ ಏನೂ ಆಗದಿರುವುದೂ ಅದನ್ನೇ ಹೇಳುತ್ತದೆ. ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೀಗೆ ತೀರ್ಮಾನಿಸುವುದು ನ್ಯಾಯ: ಸಾಮಾನ್ಯ ಲಾಬ್ಯುಲರ್ ಹೈಪರ್‌ಪ್ಲೇಸಿಯ ಬಹುಮಟ್ಟಿಗೆ ಸಾಧು, ಕೆಲವರಲ್ಲಿ ಮಾತ್ರ ಕ್ಯಾನ್ಸರಿಗೆ ನೆಲ ಹದಮಾಡುತ್ತದೆ.

ಯಾರಲ್ಲಿ ಎಂಬ ಪ್ರಶ್ನೆಗೆ ಉತ್ತರ ಅದರ ಅಸಹಜ ರೂಪದಲ್ಲಿದೆ. ಗೊಂಚಲಿನ ವಿನ್ಯಾಸ ಹಾಗೇ ಉಳಿದು, ಕೋಶಬೀಜಗಳು ಊದಿ ಕ್ರಮ ತಪ್ಪಿದ್ದರೆ, ಕೋಶವಿಭಜನೆ ಕಂಡರೆ, ಸತ್ತ ಕೋಶಗಳ ಚೂರುಗಳು ಗ್ರಂಥಿಯೊಳಗೆ ಬಿದ್ದಿದ್ದರೆ ಅದನ್ನು ಅಸಹಜ ಲಾಬ್ಯುಲರ್ ಹೈಪರ್‌ಪ್ಲೇಸಿಯ ಎನ್ನುತ್ತಾರೆ. ಇನ್ನೂ ಒಂದು ಹೆಜ್ಜೆ ಮುಂದಿನದು ಜಠರ ಮಾದರಿಯ ಸ್ವಸ್ಥಾನ ಅಡಿನೋಕಾರ್ಸಿನೋಮ. ಇಲ್ಲಿ ಸಹಜ ಗ್ರಂಥಿಗಳ ಚೌಕಟ್ಟಿನೊಳಗೇ ಕೋಶಗಳು ಪೂರ್ತಿ ಕ್ಯಾನ್ಸರ್ ರೂಪ ತಾಳಿದ್ದರೂ ಗೋಡೆಯೊಳಕ್ಕೆ ನುಗ್ಗಿರುವುದಿಲ್ಲ. ಟಾಲಿಯ, ಮೆಕ್ಲಗೇಜ್ ಮತ್ತು ಸಂಗಡಿಗರು 2017ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಎಚ್‌ಪಿವಿ ಸಂಬಂಧವಿಲ್ಲದ ಸ್ವಸ್ಥಾನ ಅಡಿನೋಕಾರ್ಸಿನೋಮ ಎಂಬ ಶೀರ್ಷಿಕೆಯಡಿ ಇದಕ್ಕೆ ಮಾನ್ಯತೆ ಕೊಟ್ಟಿತು. ಎಚ್‌ಪಿವಿಯಿಂದ ಬರುವ ಸ್ವಸ್ಥಾನ ರೂಪದಲ್ಲಿ ಪಿ16 ಎಂಬ ಪ್ರೋಟೀನಿನ ಬಣ್ಣ ಎಲ್ಲ ಕೋಶಗಳಲ್ಲೂ ಗಾಢವಾಗಿ ಹತ್ತುತ್ತದೆ. ಇಲ್ಲಿ ಹಾಗೆ ಹತ್ತುವುದಿಲ್ಲ. ಬದಲಿಗೆ ಎಂಯುಸಿ6, ಎಚ್‌ಐಕೆ1083, ಕ್ಲಾಡಿನ್ 18 ಎಂಬ ಜಠರದ ಗುರುತುಗಳು ಕಾಣುತ್ತವೆ. ಕೆಲವುಗಳಲ್ಲಿ ಕ್ಯಾನ್ಸರನ್ನು ತಡೆಯುವ ಪಿ53 ಪ್ರೋಟೀನ್ ಕೆಟ್ಟಿರುತ್ತದೆ. ಪಿ16 ಬಣ್ಣ ಹತ್ತಲಿಲ್ಲವೆಂದು ‘ಕ್ಯಾನ್ಸರ್ ಇಲ್ಲ’ ಎಂದು ಬರೆದುಬಿಡುವುದು ಈ ಕ್ಷೇತ್ರದಲ್ಲಿ ಆಗಬಹುದಾದ ದೊಡ್ಡ ಪ್ರಮಾದ.

ಆನುವಂಶಿಕವಾಗಿ ಈ ದಾರಿಗೆ ಹತ್ತಿರವಿರುವವರು ಪೋಯ್ಟ್ಸ್–ಜೆಗರ್ಸ್ ಸಿಂಡ್ರೋಮ್ ಇರುವ ಹೆಂಗಸರು. ಡಚ್ ವೈದ್ಯ ಪೋಯ್ಟ್ಸ್ 1921ರಲ್ಲಿ, ಅಮೆರಿಕದ ಜೆಗರ್ಸ್ 1949ರಲ್ಲಿ ವರ್ಣಿಸಿದ ಈ ಸ್ಥಿತಿಯಲ್ಲಿ ಚಿಕ್ಕಂದಿನಲ್ಲೇ ತುಟಿ, ಬಾಯಿಯ ಒಳಭಾಗ ಮತ್ತು ಬೆರಳುಗಳ ಮೇಲೆ ಕಪ್ಪು–ಕಂದು ಚುಕ್ಕೆಗಳು ಮೂಡುತ್ತವೆ, ಕರುಳಿನಲ್ಲಿ ಪಾಲಿಪ್‌ಗಳು ಬೆಳೆಯುತ್ತವೆ. ಕರುಳು ಒಂದರೊಳಗೊಂದು ಸಿಕ್ಕಿಕೊಂಡು ಮಗು ಹೊಟ್ಟೆನೋವಿನಿಂದ ಆಸ್ಪತ್ರೆ ಸೇರುವುದೂ ಉಂಟು. ಕಾರಣ 19ನೆಯ ವರ್ಣತಂತುವಿನ ಎಸ್‌ಟಿಕೆ11 ಜೀನಿನ ದೋಷವೆಂದು 1998ರಲ್ಲಿ ಗೊತ್ತಾಯಿತು. ಇಂಥ ಹೆಂಗಸರಲ್ಲಿ ಜೀವಮಾನದಲ್ಲಿ ಗರ್ಭಕಂಠದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ 10 ಎಂಬ ಅಂದಾಜಿದೆ. ಲಾಬ್ಯುಲರ್ ಹೈಪರ್‌ಪ್ಲೇಸಿಯ ಅವರಲ್ಲಿ ಹೆಚ್ಚು. ಕರ್ನಾಟಕದ ಮಂಡ್ಯ ಸೀಮೆಯಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧದ ಮದುವೆಗಳು ರೂಢಿಯಲ್ಲಿರುವುದರಿಂದ ಆನುವಂಶಿಕ ಕಾಯಿಲೆ ಎಂದೊಡನೆ ಅದನ್ನೇ ದೂರುವುದುಂಟು. ಈ ರೋಗಕ್ಕೆ ಆ ದೂರು ಸಲ್ಲದು. ದೋಷವಿರುವ ಜೀನ್ ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಹುಟ್ಟುವುದೂ ಉಂಟು. ಆದರೂ ಜಠರ ಮಾದರಿಯ ಹೆಚ್ಚಿನ ರೋಗಿಗಳಿಗೆ ಈ ಸಿಂಡ್ರೋಮ್ ಇರುವುದಿಲ್ಲ ಎಂಬುದನ್ನು ಮರೆಯಬಾರದು.

ಗರ್ಭಕಂಠದ ಇತರ ಅಪರೂಪದ ಕ್ಯಾನ್ಸರುಗಳಿಗೂ ಪೂರ್ವಸ್ಥಿತಿಗಳನ್ನು ಹುಡುಕಲಾಗಿದೆ. ಭ್ರೂಣದ ಮೆಸೊನೆಫ್ರಿಕ್ ನಾಳದ ಅವಶೇಷಗಳು ಗೋಡೆಯೊಳಗೆ ಬೆಳೆದು ಹೈಪರ್‌ಪ್ಲೇಸಿಯವಾಗಿ, ಅತಿ ವಿರಳವಾಗಿ ಮೆಸೊನೆಫ್ರಿಕ್ ಅಡಿನೋಕಾರ್ಸಿನೋಮಕ್ಕೆ ತಿರುಗುತ್ತವೆ. ಗರ್ಭಿಣಿಯಾಗಿದ್ದಾಗ ತಾಯಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಔಷಧ ಸೇವಿಸಿದ್ದರಿಂದ ಹೆಣ್ಣುಮಕ್ಕಳಲ್ಲಿ ಅಡಿನೋಸಿಸ್ (ಇರಬಾರದ ಕಡೆ ಗ್ರಂಥಿಗಳು ಬೆಳೆಯುವುದು), ಮುಂದೆ ಕ್ಲಿಯರ್ ಸೆಲ್ ಕಾರ್ಸಿನೋಮ ಬಂದದ್ದು 1971ರಿಂದ ತಿಳಿದ ವಿಷಯ. ಇವು ಜಠರ ಮಾದರಿಗಿಂತಲೂ ಅಪರೂಪ.

ರೋಗಿಗೆ ತಾನಾಗಿ ಗೊತ್ತಾಗುವ ಮುಖ್ಯ ಲಕ್ಷಣ: ವಾಸನೆಯಿಲ್ಲದ, ತೆಳುವಾದ, ನೀರಿನಂಥ ಸ್ರಾವ. ಲೋಳೆಗ್ರಂಥಿಗಳು ಹೆಚ್ಚಿದ್ದರಿಂದ ಇದು ಧಾರಾಳವಾಗಿ, ತಿಂಗಳುಗಟ್ಟಲೆ ಹೋಗುತ್ತದೆ. ಹೈಪರ್‌ಪ್ಲೇಸಿಯದಲ್ಲೂ ಕ್ಯಾನ್ಸರಿನಲ್ಲೂ ಲಕ್ಷಣ ಒಂದೇ ಆಗಿರುವುದರಿಂದ ಅದರಿಂದ ಎರಡನ್ನೂ ಬೇರೆಮಾಡಲಾಗದು. ಸಂಭೋಗದ ನಂತರದ ರಕ್ತಸ್ರಾವ ಚಪ್ಪಟೆಕೋಶದ ಕ್ಯಾನ್ಸರಿನಲ್ಲಿರುವಷ್ಟು ಇಲ್ಲಿ ಸಾಮಾನ್ಯವಲ್ಲ. ಪ್ಯಾಪ್ ಲೇಪದಲ್ಲಿ ಜಠರದ ತಟಸ್ಥ ಲೋಳೆ ಹಳದಿ–ಕಿತ್ತಳೆ ಬಣ್ಣ ತಳೆದರೆ ಸಹಜ ಲೋಳೆ ಗುಲಾಬಿಯಾಗಿರುತ್ತದೆ. ಲೇಪದ ಕೋಶಗಳನ್ನು ಗಮನವಿಟ್ಟು ನೋಡುವ ಸೈಟಾಲಜಿಸ್ಟ್‌ಗೆ ಇದು ದೊಡ್ಡ ಸುಳಿವು, ಆದರೆ ಬ್ರಷ್ಷು ನಾಳದೊಳಗೆ ಸಾಕಷ್ಟು ಮೇಲೆ ಹೋಗಿರಬೇಕು. ಎಂಆರ್‌ಐನಲ್ಲಿ ನಡುವೆ ಸಣ್ಣ ಚೀಲಗಳು, ಸುತ್ತ ದೊಡ್ಡ ಚೀಲಗಳು ಇರುವ ಚಿತ್ರಕ್ಕೆ ‘ಕಾಸ್ಮಾಸ್ ವಿನ್ಯಾಸ’ ಎಂದು ಹೆಸರಿದ್ದು, ಅದು ಹೈಪರ್‌ಪ್ಲೇಸಿಯವನ್ನು ಸೂಚಿಸುತ್ತದೆ. ಚೀಲಗಳ ಜಾಗದಲ್ಲಿ ಗಟ್ಟಿ ಭಾಗ ಕಂಡರೆ ಕ್ಯಾನ್ಸರಿನ ಅನುಮಾನ. ಗರ್ಭಕಂಠದಲ್ಲಿ ತೀರ ಸಾಮಾನ್ಯವಾದ ನಬೋಥಿಯನ್ ಚೀಲಗಳು ಹೊರಬಾಯಿಯ ಹತ್ತಿರವಿದ್ದು ಪೂರ್ತಿ ನಿರುಪದ್ರವಿ. ಸ್ಕ್ಯಾನ್ ವರದಿಯಲ್ಲಿ ಆ ಹೆಸರು ಕಂಡು ಯಾರೂ ಹೆದರಬೇಕಿಲ್ಲ. ಕೊನೆಯ ನಿರ್ಣಯ ಅಂಗಾಂಶದಿಂದಲೇ ಆಗಬೇಕು. ಮೇಲ್ಮೈಯಿಂದ ಚಿವುಟಿ ತೆಗೆದ ಚೂರಿನಲ್ಲಿ ಆಳ ತಿಳಿಯದು, ಆದ್ದರಿಂದ ಶಂಕುವಿನಾಕಾರದಲ್ಲಿ ಕತ್ತರಿಸಿ ತೆಗೆಯುವ ಕೋನ್ ಬಯಾಪ್ಸಿ ಬೇಕಾಗುತ್ತದೆ.

ಈ ತಿಳಿವಳಿಕೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳಂಥ ಊರುಗಳ ಆರೋಗ್ಯ ವ್ಯವಸ್ಥೆಯ ಎದುರು ಇಟ್ಟು ನೋಡುವುದು ಅಗತ್ಯ. ಜಾಗತಿಕ ಕ್ಯಾನ್ಸರ್ ಅಂಕಿಅಂಶಗಳ 2022ರ ಗ್ಲೋಬೊಕಾನ್ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಅದರಿಂದ ಸಾಯುತ್ತಾರೆ. 2016ರ ಕೇಂದ್ರ ಮಾರ್ಗಸೂಚಿಯ ಪ್ರಕಾರ 30 ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮಟ್ಟದಲ್ಲಿ ಅಸಿಟಿಕ್ ಆಮ್ಲ ಹಚ್ಚಿ ಗರ್ಭಕಂಠವನ್ನು ಕಣ್ಣಿನಿಂದ ನೋಡುವ ಪರೀಕ್ಷೆ ನಡೆಯಬೇಕು. ಇದು ಸಾವಿರಾರು ಜೀವ ಉಳಿಸಬಲ್ಲ, ಅಗ್ಗದ, ಒಳ್ಳೆಯ ಪರೀಕ್ಷೆ. ಆದರೆ ಅದು ಹೊರಮೈಯನ್ನು ಮಾತ್ರ ನೋಡುತ್ತದೆ. ಜಠರ ಮಾದರಿಯ ಪೂರ್ವಸ್ಥಿತಿಗಳು ಇರುವುದು ನಾಳದ ಮೇಲ್ಭಾಗದಲ್ಲಿ. ಎಚ್‌ಪಿವಿ ಪರೀಕ್ಷೆಗೆ ವೈರಸ್ಸೇ ಸಿಗುವುದಿಲ್ಲ. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಗ್ರಾಮೀಣ ಹೆಂಗಸರ ನಡುವೆ ಅಧ್ಯಯನ ಮಾಡಿರುವ, ತಾವೇ ಮಾದರಿ ತೆಗೆದುಕೊಡುವ ಎಚ್‌ಪಿವಿ ಪರೀಕ್ಷೆ ಸಂಕೋಚದ ಅಡ್ಡಿಯನ್ನು ಗೆಲ್ಲುವ ದಾರಿಯಾದರೂ ಈ ಒಂದು ರೋಗಕ್ಕೆ ಅದೂ ಕುರುಡು. 2023ರಲ್ಲಿ ಮಾರುಕಟ್ಟೆಗೆ ಬಂದ ದೇಶೀಯ ಲಸಿಕೆ ಸರ್ವಾವ್ಯಾಕ್ ಸೇರಿ ಯಾವ ಎಚ್‌ಪಿವಿ ಲಸಿಕೆಯೂ ಇದನ್ನು ತಡೆಯದು. ಇದರಿಂದ ತಪಾಸಣೆ ಅಥವಾ ಲಸಿಕೆ ಬೇಡವೆಂದಾಗುವುದಿಲ್ಲ. ಅವು ತಡೆಯುವ ರೋಗ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ‘ಪರೀಕ್ಷೆ ಸರಿಯಿದೆ’ ಎಂಬ ಚೀಟಿ ಸಿಕ್ಕ ಮೇಲೂ ನೀರುಸ್ರಾವ ನಿಲ್ಲದಿದ್ದರೆ ಅಲ್ಲಿಗೆ ಬಿಡಬಾರದು ಎಂಬುದಷ್ಟೇ ಇದರ ಅರ್ಥ.

ಹಾಗೆ ಅಲ್ಲಿಗೇ ಬಿಟ್ಟುಬಿಡುವುದಕ್ಕೆ ಕಾರಣಗಳೂ ಇವೆ. ಈ ಸೀಮೆಯಲ್ಲಿ ಯಾವುದೇ ಸ್ರಾವಕ್ಕೂ ‘ಬಿಳಿ ಸೆರಗು’ ಎಂಬ ಒಂದೇ ಹೆಸರು, ಮೈ ಉಷ್ಣವಾಗಿದೆ ಎಂಬ ಒಂದೇ ಕಾರಣ. ಎಳನೀರಿನ ದೊಡ್ಡ ಮಾರುಕಟ್ಟೆಯಿರುವ ಮದ್ದೂರಿನ ಸುತ್ತ ಎಳನೀರು, ಮಜ್ಜಿಗೆಗಳಿಂದ ದೇಹ ತಂಪು ಮಾಡಿಕೊಂಡು ಕಾಯುವವರು ಕಡಿಮೆಯಿಲ್ಲ. ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಆಸ್ಪತ್ರೆಗೆ ಬಂದರೆ ಆ ದಿನದ ಸಂಬಳವಿಲ್ಲ. ಬಂದವರಿಗೆ ಸೋಂಕಿನ ಮಾತ್ರೆಯ ಪೊಟ್ಟಣ ಸಿಗುತ್ತದೆ. ಸೋಂಕೇ ಹೆಚ್ಚು ಸಾಮಾನ್ಯವಾದ್ದರಿಂದ ಮೊದಲ ಬಾರಿಗೆ ಅದು ಸರಿಯೇ. ಎರಡನೆಯ, ಮೂರನೆಯ ಬಾರಿಗೂ ಅದೇ ಪೊಟ್ಟಣ ಕೊಡುವುದು ಸರಿಯಲ್ಲ. ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಿಂದ ಮುಂದಿನ ಹಂತ ದೂರವೇನಲ್ಲ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಲ್ಲೇ ಊರಿನಲ್ಲಿರುವ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಜಿಲ್ಲೆಯೊಳಗೇ ಇವೆ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಒಂದು ದಿಕ್ಕಿಗೆ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇನ್ನೊಂದು ದಿಕ್ಕಿಗೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಗರ್ಭಕೋಶ ತೆಗೆಸುವ ವಿಷಯ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಿಲ್ಲದ ಸ್ರಾವಕ್ಕೆ, ಹೆಚ್ಚು ಮುಟ್ಟಿಗೆ ನಲವತ್ತು ತುಂಬುವ ಮೊದಲೇ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ ಸಿಗುವುದು ಹೊಸದಲ್ಲ. ಅನಗತ್ಯ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿತು. ಜಠರ ಮಾದರಿಯ ದೃಷ್ಟಿಯಿಂದ ಇಲ್ಲಿ ಎರಡು ಅಪಾಯಗಳಿವೆ. ಒಳನಾಳವನ್ನು ಪರೀಕ್ಷಿಸದೆ ಗರ್ಭಕೋಶ ತೆಗೆದರೆ, ಒಳಗೆ ಕ್ಯಾನ್ಸರ್ ಇದ್ದ ಪಕ್ಷದಲ್ಲಿ ಆ ಶಸ್ತ್ರಕ್ರಿಯೆ ಅರೆಬರೆಯಾಗುತ್ತದೆ. ಗರ್ಭಕಂಠವನ್ನು ಒಳಗೇ ಬಿಟ್ಟು ಮೇಲಿನ ಭಾಗ ಮಾತ್ರ ತೆಗೆದಿದ್ದರಂತೂ ರೋಗದ ನೆಲೆಯೇ ಉಳಿಯುತ್ತದೆ. ತೆಗೆದ ಅಂಗವನ್ನು ರೋಗಶಾಸ್ತ್ರ ಪರೀಕ್ಷೆಗೆ ಕಳಿಸದಿದ್ದರೆ ಹೈಪರ್‌ಪ್ಲೇಸಿಯವಿತ್ತೇ, ಅಸಹಜತೆಯಿತ್ತೇ ಎಂಬುದು ಶಾಶ್ವತವಾಗಿ ಮರೆಯಾಗುತ್ತದೆ. ಕಳಿಸಿದರೂ ಗರ್ಭಕಂಠದಿಂದ ಒಂದೆರಡು ಚೂರು ಮಾತ್ರ ನೋಡಿದರೆ ಮೇಲ್ನಾಳದ ಗೊಂಚಲುಗಳು ತಪ್ಪಿಹೋಗಬಹುದು.

ಗುರುತಿಸಿದ ಮೇಲಿನ ಕ್ರಮ ಸ್ಥಿತಿಯನ್ನು ಅವಲಂಬಿಸುತ್ತದೆ. ಅಸಹಜತೆಯಿಲ್ಲದ ಹೈಪರ್‌ಪ್ಲೇಸಿಯಕ್ಕೆ ಶಸ್ತ್ರಕ್ರಿಯೆಯೇ ಬೇಕೆಂದಿಲ್ಲ; ನಿಯತವಾಗಿ ಸೈಟಾಲಜಿ ಮತ್ತು ಎಂಆರ್‌ಐ ಮಾಡಿಸುತ್ತ ಬಂದರೆ ಸಾಕು. ಚೀಲಗಳು ಬೆಳೆದರೆ, ಗಟ್ಟಿ ಭಾಗ ಮೂಡಿದರೆ, ಲೇಪದಲ್ಲಿ ಕೋಶಗಳು ಬದಲಾದರೆ ಕೋನ್ ಬಯಾಪ್ಸಿ. ಅಸಹಜ ರೂಪಕ್ಕೂ ಸ್ವಸ್ಥಾನ ಕ್ಯಾನ್ಸರಿಗೂ ಸಾಮಾನ್ಯವಾಗಿ ಗರ್ಭಕಂಠಸಹಿತ ಗರ್ಭಕೋಶ ತೆಗೆಯುವ ಸಲಹೆ ಕೊಡುತ್ತಾರೆ. ಮಕ್ಕಳು ಬೇಕೆನ್ನುವವರಲ್ಲಿ ಅಂಚುಗಳು ಶುದ್ಧವಾಗಿರುವ ಕೋನ್ ಶಸ್ತ್ರಕ್ರಿಯೆ ಮಾಡಿ ನಿಕಟವಾಗಿ ಗಮನಿಸುವುದುಂಟು. ಗೋಡೆಯೊಳಕ್ಕೆ ನುಗ್ಗಿದ ಕ್ಯಾನ್ಸರಿಗೆ ರ‍್ಯಾಡಿಕಲ್ ಶಸ್ತ್ರಕ್ರಿಯೆ, ವಿಕಿರಣ, ಕಿಮೊಥೆರಪಿ. ಕ್ಲಾಡಿನ್ 18.2 ಗುರುತಿಗೆ ಗುರಿಯಿಡುವ ಜಾಲ್ಬೆಟುಕ್ಸಿಮಾಬ್ ಎಂಬ ಔಷಧಕ್ಕೆ ಜಠರದ ಕ್ಯಾನ್ಸರಿನಲ್ಲಿ 2024ರಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಅನುಮತಿ ದೊರೆತಿದೆ. ಅದೇ ಗುರುತು ಈ ಗರ್ಭಕಂಠದ ಕ್ಯಾನ್ಸರಿನಲ್ಲೂ ಇರುವುದರಿಂದ ಸಂಶೋಧಕರ ಗಮನ ಆ ಕಡೆ ಹರಿದಿದೆ.

ತಿಂಗಳುಗಟ್ಟಲೆ ನೀರಿನಂತೆ ಹೋಗುವ ಸ್ರಾವಕ್ಕೆ ಎಂಆರ್‌ಐ ಮತ್ತು ಒಳನಾಳದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಗರ್ಭಕೋಶ ತೆಗೆಸಿಕೊಂಡ ಪ್ರತಿಯೊಬ್ಬ ಹೆಂಗಸೂ ಅವಳ ಮನೆಯವರೂ ಬಯಾಪ್ಸಿ ವರದಿಯನ್ನು ಕೇಳಿ ಪಡೆದು, ಡಿಸ್ಚಾರ್ಜ್ ಚೀಟಿಯ ಜೊತೆ ಇಟ್ಟುಕೊಳ್ಳಬೇಕು.